ಮುಚ್ಚಿದ ಬಾಗಿಲುಗಳೇ ಎರಡನೇ ಸುತ್ತಿನ ಬಂಡವಾಳ

ಆರ್‌ಪಿಜಿ, ಅಂದರೆ ಒಂದು ಪಾತ್ರವನ್ನು ಬೆಳೆಸಿಕೊಂಡು ಕಥೆಯೊಳಗೆ ಸಾಗುವ ಗೇಮ್‌ಗಳನ್ನು ಮತ್ತೆ ಆಡುವ ಮಾತು ಬಂದಾಗ ಮೊದಲು ಕೇಳಿಬರುವ ಪ್ರಶ್ನೆ "ಇದಕ್ಕೆ ಎಷ್ಟು ಎಂಡಿಂಗ್ ಇದೆ?" ಅನ್ನುವುದು. ಎರಡನೇ ಸುತ್ತಿಗೆ ಗೇಮ್ ಯೋಗ್ಯವೋ ಅಲ್ಲವೋ ಅಂತ ತಿಳಿಯಲು ಈ ಲೆಕ್ಕ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಎಂಡಿಂಗ್ ಇರುವುದು ಐವತ್ತು, ಎಂಬತ್ತು ಗಂಟೆಗಳ ಆಚೆ. ಅಲ್ಲಿಯವರೆಗಿನ ದಾರಿ ಹೋದ ಸಲದ ಹಾಗೇ ಇದ್ದರೆ, ಕೊನೆಯ ಹತ್ತು ನಿಮಿಷದ ಬೇರೆ ದೃಶ್ಯಕ್ಕಾಗಿ ಅಷ್ಟು ದೂರ ನಡೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಯೂಟ್ಯೂಬ್‌ನಲ್ಲಿ ನೋಡಿ ಮುಗಿಸುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಮೊದಲ ಸುತ್ತಿನಲ್ಲಿ ಈ ಗೇಮ್ ಯಾವ ಬಾಗಿಲುಗಳನ್ನು ಮುಚ್ಚಿತು? ಎಷ್ಟು ಬೇಗ ಮುಚ್ಚಿತು?

ಮುಂದೆ ಕೆಲವು ಕಥೆಗಳ ತಿರುವುಗಳನ್ನು ಹೆಸರು ಹಿಡಿದೇ ಹೇಳಬೇಕಾಗುತ್ತದೆ. ಬಾಲ್ಡರ್ಸ್ ಗೇಟ್ 3, ನ್ಯೂ ವೇಗಸ್, ವಿಚರ್ 2, ಅಂಡರ್‌ಟೇಲ್ ಇನ್ನೂ ಆಡದವರು ಆ ಭಾಗಗಳನ್ನು ಬಿಟ್ಟು ಓದಿ.

ಒಂದೇ ಸಂಸ್ಥೆಯ ಎರಡು ಗೇಮ್‌ಗಳನ್ನು ಅಕ್ಕಪಕ್ಕ ಇಟ್ಟರೆ ವಿಷಯ ಸ್ಪಷ್ಟವಾಗುತ್ತದೆ. 2002ರ ಮೊರೊವಿಂಡ್‌ನಲ್ಲಿ ಹ್ಲಾಲು, ರೆಡೊರಾನ್, ಟೆಲ್ವಾನಿ ಅಂತ ಮೂರು ಮನೆತನಗಳಿವೆ. ಒಂದಕ್ಕೆ ಸೇರಿದರೆ ಉಳಿದ ಎರಡು ಆ ಪಾತ್ರಕ್ಕೆ ಇಲ್ಲ. ಗಿಲ್ಡ್‌ನಲ್ಲಿ (ವೃತ್ತಿ ಸಂಘದಲ್ಲಿ) ಮೇಲಿನ ಪದವಿ ಬೇಕಾದರೆ ಕೊಟ್ಟ ಕೆಲಸ ಮುಗಿಸಿದರೆ ಸಾಲದು, ಆ ಗಿಲ್ಡ್ ಮೆಚ್ಚುವ ಸ್ಕಿಲ್‌ಗಳೂ ನಿಗದಿತ ಮಟ್ಟಕ್ಕೆ ಬಂದಿರಬೇಕು. ಮಂತ್ರ ಬಾರದವನು ಮೇಜಸ್ ಗಿಲ್ಡ್‌ನ ತುದಿ ಮುಟ್ಟಲಾರ. 2011ರ ಸ್ಕೈರಿಮ್‌ನಲ್ಲಿ ಅದೇ ಒಬ್ಬ ಮನುಷ್ಯ ಕಂಪ್ಯಾನಿಯನ್ಸ್ ಪಡೆಯ ಮುಖ್ಯಸ್ಥನಾಗಿ, ವಿಂಟರ್‌ಹೋಲ್ಡ್ ಕಾಲೇಜಿನ ಆರ್ಚ್‌ಮೇಜ್ ಆಗಿ, ಕಳ್ಳರ ಗಿಲ್ಡ್‌ನ ಯಜಮಾನನೂ ಆಗಬಹುದು. ಯಾರೂ ಅಡ್ಡ ಬರುವುದಿಲ್ಲ. ಅಂತರ್ಯುದ್ಧದಲ್ಲಿ ಯಾವ ಪಕ್ಷ, ಡಾನ್‌ಗಾರ್ಡ್ ಅನ್ನುವ ಸೇರ್ಪಡೆ ಭಾಗದಲ್ಲಿ ರಕ್ತಪಿಶಾಚಿಗಳ ಜೊತೆಗೋ ಬೇಟೆಗಾರರ ಜೊತೆಗೋ, ಇಂಥ ಕೆಲವನ್ನು ಬಿಟ್ಟರೆ ಒಂದೇ ಸುತ್ತಿನಲ್ಲಿ ಬಹುತೇಕ ಎಲ್ಲವೂ ಕೈಗೆ ಸಿಗುತ್ತದೆ. ಮೊದಲ ಸುತ್ತಿಗೆ ಇದು ದೊಡ್ಡ ಔದಾರ್ಯ, ಎರಡನೇ ಸುತ್ತಿಗೆ ದೊಡ್ಡ ನಷ್ಟ. ಸ್ಕೈರಿಮ್ ಅನ್ನು ಜನ ಇಂದಿಗೂ ಮತ್ತೆ ಮತ್ತೆ ಆಡುತ್ತಾರೆ ನಿಜ, ಆದರೆ ಅಲ್ಲಿ ಬಾಗಿಲು ಮುಚ್ಚುವ ಕೆಲಸವನ್ನು ಆಟಗಾರರೇ ಮಾಡಿಕೊಳ್ಳಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಬಾಗಿಲು ಮುಚ್ಚುವುದರಲ್ಲಿ ಅತ್ಯಂತ ಧೈರ್ಯ ತೋರಿಸಿದ್ದು 2011ರ ವಿಚರ್ 2. ಮೊದಲ ಅಧ್ಯಾಯದ ಕೊನೆಯಲ್ಲಿ ನಾಯಕ ಗೆರಾಲ್ಟ್, ರಾಜನ ಪಡೆಯ ವರ್ನನ್ ರೋಶ್ ಜೊತೆ ಹೋಗಬೇಕೋ ಬಂಡಾಯಗಾರ ಯೋರ್ವೆತ್ ಜೊತೆಗೋ ಅಂತ ತೀರ್ಮಾನವಾಗುತ್ತದೆ. ಅಲ್ಲಿಂದ ಎರಡನೇ ಅಧ್ಯಾಯ ಪೂರ್ತಿ ಎರಡು ಹೋಳು. ಒಂದು ದಾರಿಯಲ್ಲಿ ರಾಜ ಹೆನ್ಸೆಲ್ಟ್‌ನ ಸೈನ್ಯದ ಪಾಳೆಯ, ಇನ್ನೊಂದರಲ್ಲಿ ಅದೇ ಸೈನ್ಯ ಮುತ್ತಿಗೆ ಹಾಕಲಿರುವ ವರ್ಗೆನ್ ಪಟ್ಟಣ. ಊರು ಬೇರೆ, ಕ್ವೆಸ್ಟ್‌ಗಳು (ಒಪ್ಪಿಸುವ ಕೆಲಸಗಳು) ಬೇರೆ, ಪರಿಚಯವಾಗುವ ಜನ ಬೇರೆ. ಒಂದು ದಾರಿಯಲ್ಲಿ ಯಾಕೆ ಹೀಗಾಯಿತು ಅಂತ ಅರ್ಥವಾಗದೆ ಉಳಿದದ್ದಕ್ಕೆ ಉತ್ತರ ಇನ್ನೊಂದು ದಾರಿಯಲ್ಲಿದೆ. ಇದನ್ನು ಆಡುವವರು ಮೊದಲ ಅಧ್ಯಾಯದ ಕೊನೆಯಲ್ಲಿ, ಯೋರ್ವೆತ್‌ಗೆ ಕತ್ತಿ ಕೊಡುವ ಪ್ರಶ್ನೆ ಬರುವ ಮುಂಚೆ, ಒಂದು ಪ್ರತ್ಯೇಕ ಸೇವ್ ಇಟ್ಟುಕೊಳ್ಳಿ. ಪೀಠಿಕೆ ಮತ್ತು ಮೊದಲ ಅಧ್ಯಾಯವನ್ನು ಮತ್ತೆ ದಾಟುವ ಶ್ರಮ ಉಳಿಯುತ್ತದೆ. ಮಾಡುವವರಿಗೆ ದುಬಾರಿಯಾದ ವಿನ್ಯಾಸ ಇದು, ಆಟಗಾರರಲ್ಲಿ ಬಹುಮಂದಿ ಅರ್ಧ ಅಧ್ಯಾಯವನ್ನು ನೋಡುವುದೇ ಇಲ್ಲ. ಹಾಗಾಗಿಯೇ ಇಂಥವು ಅಪರೂಪ.

ನ್ಯೂ ವೇಗಸ್: ಮೊದಲ ಅರ್ಧವನ್ನು ಬದಲಿಸುವ ಬಗೆ

ಅಬ್ಸಿಡಿಯನ್ 2010ರಲ್ಲಿ ಹೊರತಂದ ಫಾಲ್‌ಔಟ್: ನ್ಯೂ ವೇಗಸ್‌ನಲ್ಲಿ ನಾಲ್ಕು ದಾರಿ: ಎನ್‌ಸಿಆರ್ ಅನ್ನುವ ಗಣರಾಜ್ಯ, ಅದರ ಎದುರಾಳಿ ಸೈನ್ಯವಾದ ಲೀಜನ್, ನಗರದ ಒಡೆಯ ಮಿಸ್ಟರ್ ಹೌಸ್, ಮತ್ತು ಯೆಸ್ ಮ್ಯಾನ್ ಅನ್ನುವ ರೋಬೋಟ್ ಜೊತೆಗಿನ ಸ್ವತಂತ್ರ ದಾರಿ. ಇಲ್ಲಿನ ಕಷ್ಟ ಏನೆಂದರೆ, ನಾಲ್ಕೂ ದಾರಿಗಳು ನಿಜವಾಗಿ ಕವಲೊಡೆಯುವುದು ಕ್ಯಾಸಿನೊಗಳಿರುವ ಸ್ಟ್ರಿಪ್ ಬೀದಿ ತಲುಪಿದ ಮೇಲೆ. ಗುಡ್‌ಸ್ಪ್ರಿಂಗ್ಸ್‌ನಿಂದ ಪ್ರಿಮ್, ನಿಪ್ಟನ್, ನೋವ್ಯಾಕ್, ಬೌಲ್ಡರ್ ಸಿಟಿ ದಾಟಿ ಸುತ್ತಿಕೊಂಡು ಬರುವ ದಾರಿ ನಾಲ್ವರಿಗೂ ಒಂದೇ. ಎರಡನೇ ಸುತ್ತು ಬೇಸರ ತರುವುದು ಇಲ್ಲೇ. ಆದ್ದರಿಂದ ಈ ಭಾಗವನ್ನು ಬದಲಿಸಬೇಕಾದ್ದು ಕಥೆಯಿಂದಲ್ಲ, ಪಾತ್ರದ ಅಂಕಿಗಳಿಂದ.

ಬಲ, ಬುದ್ಧಿ (ಇಂಟೆಲಿಜೆನ್ಸ್) ಮುಂತಾದ ಏಳು ಗುಣಗಳಿಗೆ ಒಟ್ಟು 40 ಅಂಕ. ಪ್ರತಿ ಲೆವೆಲ್‌ಗೆ ಸಿಗುವ ಸ್ಕಿಲ್ ಪಾಯಿಂಟ್ ಹತ್ತು ಮತ್ತು ಇಂಟೆಲಿಜೆನ್ಸ್‌ನ ಅರ್ಧ. ಮೂಲ ಗೇಮ್‌ನ ಮಿತಿ ಲೆವೆಲ್ 30, ಅಂದರೆ 29 ಸಲ ಪಾಯಿಂಟ್ ಸಿಗುತ್ತದೆ. ಇಂಟೆಲಿಜೆನ್ಸ್ 10 ಇಟ್ಟವರಿಗೆ 435, 1 ಇಟ್ಟವರಿಗೆ 304ರ ಆಸುಪಾಸು. ಮೊದಲ ಸುತ್ತಿನಲ್ಲಿ ಎಲ್ಲರೂ ಇಂಟೆಲಿಜೆನ್ಸ್ ಮೇಲೆ ಹಾಕುತ್ತಾರೆ, ಬಾಗಿಲು ತೆರೆಯಲು, ಕಂಪ್ಯೂಟರ್ ಒಡೆಯಲು, ಮಾತಿನಲ್ಲಿ ಗೆಲ್ಲಲು, ಮೂರಕ್ಕೂ ಸಾಲುವಷ್ಟು ಪಾಯಿಂಟ್ ಬರುತ್ತದೆ. ಎರಡನೇ ಸಲ ಇಂಟೆಲಿಜೆನ್ಸ್ ಅನ್ನು 3ಕ್ಕೆ ಇಳಿಸಿ ನೋಡಿ. ಕೆಲವು ಕಡೆ ಪಾತ್ರದ ಮಾತೇ ಬದಲಾಗುತ್ತದೆ, ಜೊತೆಗೆ ಮೂರರಲ್ಲಿ ಒಂದೋ ಎರಡೋ ಸ್ಕಿಲ್ ಅನ್ನು ಕೈಬಿಡಲೇಬೇಕಾಗುತ್ತದೆ. ಬೀಗ ತೆರೆಯಲಾಗದವನು ಬೀಗದ ಕೈ ಇರುವವನನ್ನು ಹುಡುಕಬೇಕು. ಹಾಗೆ ಹುಡುಕುವಾಗ ಮೊದಲ ಸುತ್ತಿನಲ್ಲಿ ಮಾತಾಡಿಸದೆ ದಾಟಿಹೋದ ಜನ ಸಿಗುತ್ತಾರೆ.

ಈ ಯೋಜನೆ ಕೆಡುವುದು ಪುಸ್ತಕ ಮತ್ತು ಮ್ಯಾಗಜಿನ್‌ಗಳಿಂದ. ಒಂದು ಸ್ಕಿಲ್ ಪುಸ್ತಕ ಶಾಶ್ವತವಾಗಿ 3 ಪಾಯಿಂಟ್ ಕೊಡುತ್ತದೆ, ಮ್ಯಾಗಜಿನ್ ಸ್ವಲ್ಪ ಹೊತ್ತಿಗೆ 10 ಕೊಡುತ್ತದೆ. ಕಾಂಪ್ರಹೆನ್ಶನ್ ಅನ್ನುವ ಪರ್ಕ್ (ವಿಶೇಷ ಸಾಮರ್ಥ್ಯ) ತೆಗೆದುಕೊಂಡರೆ ಪುಸ್ತಕ 4, ಮ್ಯಾಗಜಿನ್ 20. ಜೇಬಿನಲ್ಲಿ ನಾಲ್ಕು ಮ್ಯಾಗಜಿನ್ ಇಟ್ಟುಕೊಂಡವನಿಗೆ ಯಾವ ಮಾತಿನ ಪರೀಕ್ಷೆಯೂ ಮುಚ್ಚಿದ ಬಾಗಿಲಲ್ಲ. ಎಷ್ಟು ಪಾಯಿಂಟ್ ಬೇಕು ಅಂತ ಪರದೆಯ ಮೇಲೇ ಕಾಣುವುದರಿಂದ ಆಸೆ ತಡೆಯುವುದೂ ಕಷ್ಟ. ಎರಡನೇ ಸುತ್ತಿನಲ್ಲಿ ಆ ಪರ್ಕ್ ಬೇಡ, ಮ್ಯಾಗಜಿನ್ ಮಾರಿಬಿಡಿ. ಪಾಯಿಂಟ್ ಸಾಲದಿದ್ದಾಗ ಬರುವ ಸೋಲಿನ ಮಾತುಗಳನ್ನೂ ಇಲ್ಲಿ ಪ್ರತ್ಯೇಕವಾಗಿ ಬರೆದಿದ್ದಾರೆ, ಅವನ್ನು ಕೇಳುವುದೂ ಆಟದ ಭಾಗವೇ.

ಪಕ್ಷಗಳ ವಿಚಾರದಲ್ಲಿ ತಿಳಿದಿರಬೇಕಾದ್ದು ಒಂದಿದೆ. ಟಾಪ್ಸ್ ಕ್ಯಾಸಿನೊದಲ್ಲಿ, ಆಟದ ಆರಂಭದಲ್ಲಿ ನಿಮಗೆ ಗುಂಡು ಹೊಡೆದ ಬೆನ್ನಿಯ ಪ್ರಕರಣ ಮುಗಿಸಿ ಹೊರಬಂದಾಗ ಎನ್‌ಸಿಆರ್ ಮತ್ತು ಲೀಜನ್ ಎರಡೂ ಕಡೆಯಿಂದ ದೂತರು ಬಂದು ಹಳೆಯ ಅಪರಾಧಗಳನ್ನು ಮನ್ನಾ ಮಾಡುತ್ತಾರೆ. ಅಲ್ಲಿಯವರೆಗೆ ನಿಪ್ಟನ್‌ನಲ್ಲಿ ಲೀಜನ್ ಸೈನಿಕರನ್ನು ಹೊಡೆದದ್ದೂ ಲೆಕ್ಕಕ್ಕಿಲ್ಲ. ಆಮೇಲೆ ಕಟ್ಟಿಕೊಂಡ ದ್ವೇಷಕ್ಕೆ ಮಾತ್ರ ಇಂಥ ಮಾಫಿ ಇಲ್ಲ. "ಲೀಜನ್ ದಾರಿ ಹಿಡಿಯೋಣ ಅಂದರೆ ಮೊದಲೇ ಕೆಡಿಸಿಕೊಂಡೆ" ಅಂತ ಹೊಸದಾಗಿ ಶುರು ಮಾಡುವವರು ಇದನ್ನು ತಿಳಿದಿದ್ದರೆ ಹತ್ತಾರು ಗಂಟೆ ಉಳಿಯುತ್ತದೆ. ಯೆಸ್ ಮ್ಯಾನ್ ಅನ್ನು ಶಾಶ್ವತವಾಗಿ ಕೊಲ್ಲಲಾಗುವುದಿಲ್ಲ. ಎಲ್ಲರ ಜೊತೆ ಕೆಟ್ಟರೂ ಕಥೆ ಮುಗಿಸಲು ಒಂದು ದಾರಿ ಉಳಿಯಲಿ ಅಂತ ಮಾಡಿದ ವ್ಯವಸ್ಥೆ ಅದು. ಅಲ್ಲದೆ, ಹೂವರ್ ಅಣೆಕಟ್ಟಿನ ಯುದ್ಧದ ನಂತರ ಆಟ ಮುಂದುವರಿಯುವುದಿಲ್ಲ, ಬಾಕಿ ಕೆಲಸವನ್ನೆಲ್ಲ ಅದಕ್ಕೆ ಮೊದಲೇ ಮುಗಿಸಬೇಕು.

ಪಿಸಿಯಲ್ಲಿ ಆಡುವವರು ಸ್ಟೀಮ್ ಆವೃತ್ತಿಗೆ 4 ಜಿಬಿ ಪ್ಯಾಚ್ (ಹೆಚ್ಚು ಮೆಮೊರಿ ಬಳಸಲು ಬಿಡುವ ತಿದ್ದುಪಡಿ) ಹಾಕದೆ ಶುರು ಮಾಡಬೇಡಿ. ಗೇಮ್ 32 ಬಿಟ್‌ನದು, ಹಾಗೇ ಬಿಟ್ಟರೆ 2 ಜಿಬಿಗಿಂತ ಹೆಚ್ಚು ಮೆಮೊರಿ ಬಳಸಲಾರದು. ಮಾಡ್‌ಗಳನ್ನು (ಆಟಗಾರರೇ ಮಾಡಿದ ಸೇರ್ಪಡೆಗಳನ್ನು) ಸೇರಿಸಿದಾಗ ಮೊದಲು ಬೀಳುವುದು ಇದೇ ಕಾರಣಕ್ಕೆ. ಮಾಡ್‌ಗಳನ್ನೆಲ್ಲ ಆಟ ಶುರುವಾಗುವ ಮೊದಲೇ ಹಾಕಿ. ನಡುವೆ ತೆಗೆದರೆ ಸೇವ್ ಫೈಲ್‌ನಲ್ಲಿ ಅವುಗಳ ಕುರುಹು ಉಳಿದು, ಇಪ್ಪತ್ತು ಗಂಟೆಯ ನಂತರ ಕ್ರ್ಯಾಶ್ ಆಗತೊಡಗಿದರೆ ಕಾರಣ ಹುಡುಕುವುದು ಅಸಾಧ್ಯವಾಗುತ್ತದೆ.

ಬಾಲ್ಡರ್ಸ್ ಗೇಟ್ 3ರಲ್ಲಿ ಏನನ್ನು ಬದಲಿಸಬೇಕು

ಲಾರಿಯನ್ 2023ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ ಈ ಗೇಮ್‌ನಲ್ಲಿ ಹನ್ನೆರಡು ಕ್ಲಾಸ್‌ಗಳು, ಅಂದರೆ ಪಾತ್ರದ ಕಸುಬುಗಳು, ಇವೆ, ಲೆವೆಲ್ ಮಿತಿಯೂ 12. 2025ರ ಏಪ್ರಿಲ್‌ನ ಎಂಟನೇ ಪ್ಯಾಚ್ ಪ್ರತಿ ಕ್ಲಾಸ್‌ಗೂ ಒಂದೊಂದು ಹೊಸ ಸಬ್‌ಕ್ಲಾಸ್ ಕೊಟ್ಟಿತು. "ಹೋದ ಸಲ ಫೈಟರ್, ಈ ಸಲ ವಿಝರ್ಡ್" ಅಂತ ಹೊಸ ಸುತ್ತು ಶುರು ಮಾಡುವವರು ಬಹಳ. ಅದು ಅರ್ಧ ತಪ್ಪು ಲೆಕ್ಕ. ಶಿಬಿರದಲ್ಲಿರುವ ವಿದರ್ಸ್‌ಗೆ 100 ಚಿನ್ನದ ನಾಣ್ಯ ಕೊಟ್ಟರೆ ಯಾವ ಪಾತ್ರದ ಕ್ಲಾಸ್ ಬೇಕಾದರೂ ಆ ಕ್ಷಣವೇ ಬದಲಾಗುತ್ತದೆ. ಅಂದರೆ ಯುದ್ಧದ ರುಚಿ ಬದಲಿಸಲು ಹೊಸ ಸುತ್ತೇ ಬೇಕಿಲ್ಲ.

ವಿದರ್ಸ್ ಬದಲಿಸಲಾರದ್ದರಲ್ಲಿ ಮುಖ್ಯವಾದವು ಎರಡು: ಜನಾಂಗ ಮತ್ತು ಮೂಲ, ಅಂದರೆ ಪಾತ್ರದ ಹಿಂದಿನ ಕಥೆ. ಹೊಸ ಸುತ್ತಿಗೆ ಆರಿಸಬೇಕಾದ್ದು ಇವನ್ನೇ. ಡ್ರೌ (ನೆಲದಡಿಯ ಎಲ್ಫ್) ಆಗಿ ಹೋದರೆ ಗಾಬ್ಲಿನ್ ಪಾಳೆಯದ ಕಾವಲುಗಾರರು ತಲೆಬಾಗಿ ಒಳಗೆ ಬಿಡುತ್ತಾರೆ, ಕಾರಣ ಅಲ್ಲಿನ ಮುಖಂಡರಲ್ಲಿ ಒಬ್ಬಳಾದ ಮಿಂಥಾರಾಳೂ ಡ್ರೌ. ಗಿತ್‌ಯಾಂಕಿ ಆಗಿ ಹೋದರೆ ಅದೇ ಜನಾಂಗದ ಜೊತೆಗಾತಿ ಲೇಝೆಲ್ ಜೊತೆಗಿನ ಮಾತುಕತೆಯ ಧಾಟಿಯೇ ಬೇರೆ. ಇನ್ನು ಮೂಲಗಳಲ್ಲಿ ಡಾರ್ಕ್ ಅರ್ಜ್ ಅನ್ನುವುದಿದೆಯಲ್ಲ, ಎರಡನೇ ಸುತ್ತಿಗೆ ಅದಕ್ಕಿಂತ ಒಳ್ಳೆಯ ಆಯ್ಕೆ ಕಾಣುವುದಿಲ್ಲ. ಮುಖ, ಜನಾಂಗ, ಕ್ಲಾಸ್ ಎಲ್ಲವೂ ನಿಮ್ಮಿಷ್ಟ. ಆದರೆ ಮರೆತುಹೋದ ಭೂತಕಾಲ ಮತ್ತು ಕೊಲ್ಲುವ ಹಂಬಲ ಅಂಟಿಕೊಂಡೇ ಬರುತ್ತವೆ. ಮುಖ್ಯ ಕಥೆಯ ಖಳರ ಜೊತೆ ಈ ಪಾತ್ರಕ್ಕೆ ನೇರ ಸಂಬಂಧ ಇರುವುದರಿಂದ, ಮೊದಲ ಸುತ್ತಿನಲ್ಲಿ ಕೇಳಿದ ಅದೇ ಹೆಸರುಗಳು ಇಲ್ಲಿ ಬೇರೆ ಭಾರ ಹೊತ್ತು ಬರುತ್ತವೆ. ಕಥೆ ಗೊತ್ತಿಲ್ಲದೆ ಇದನ್ನೇ ಮೊದಲು ಆಡಿದರೆ ಆ ಭಾರ ತಟ್ಟುವುದಿಲ್ಲ.

ಡಾರ್ಕ್ ಅರ್ಜ್ ಅಂದಕೂಡಲೇ ಎಲ್ಲರನ್ನೂ ಕೊಲ್ಲುತ್ತ ಹೋಗುವುದು ಸಾಮಾನ್ಯ ತಪ್ಪು. ಮೊದಲ ಅಂಕದಲ್ಲಿ ಡ್ರೂಯಿಡ್‌ಗಳ ತೋಪಿನ ಮೇಲೆ ಗಾಬ್ಲಿನ್‌ಗಳ ಜೊತೆ ದಾಳಿ ಮಾಡಿದರೆ ಏನಾಗುತ್ತದೆ ನೋಡಿ: ಜೊತೆಗಾರರಾದ ವಿಲ್ ಮತ್ತು ಕಾರ್ಲಾಕ್ ಬಿಟ್ಟುಹೋಗುತ್ತಾರೆ, ಡ್ರೂಯಿಡ್ ಹಾಲ್ಸಿನ್ ಜೊತೆಗೆ ಬರುವುದಿಲ್ಲ, ಆಶ್ರಯ ಕೇಳಿ ಬಂದಿದ್ದ ಟೀಫ್ಲಿಂಗ್ ಜನಾಂಗದವರು ಸಾಯುತ್ತಾರೆ. ಎರಡನೇ ಅಂಕದ ಲಾಸ್ಟ್ ಲೈಟ್ ಛತ್ರದಲ್ಲಿ ಅವರ ಜಾಗ ಖಾಲಿ, ಕಮ್ಮಾರ ಡ್ಯಾಮನ್ ಇಲ್ಲ, ಮೂನ್‌ರೈಸ್ ಸೆರೆಮನೆಯಿಂದ ಅವರನ್ನು ಬಿಡಿಸುವ ಕೆಲಸವೂ ಇಲ್ಲ. ಇದಕ್ಕೆ ಬದಲಾಗಿ ಸಿಗುವುದು ಮುಖ್ಯವಾಗಿ ಮಿಂಥಾರಾ. ಮುಂದಿನ ಪ್ಯಾಚ್‌ಗಳಲ್ಲಿ ಅವಳನ್ನು ಕೊಲ್ಲದೆ ಪ್ರಜ್ಞೆ ತಪ್ಪಿಸಿ ಬಿಟ್ಟರೂ ಆಮೇಲೆ ಜೊತೆಗೆ ಸೇರಿಸಿಕೊಳ್ಳುವ ಹಾಗೆ ಮಾಡಿದ್ದಾರೆ, ಆ ಕಾರಣವೂ ಹೋಯಿತು. ಅದಕ್ಕೆ ಪ್ಯಾಸಿವ್ ಪಟ್ಟಿಯಲ್ಲಿರುವ ನಾನ್‌ಲೀಥಲ್ ಗುಂಡಿ ಒತ್ತಿ, ಕೊನೆಯ ಪೆಟ್ಟನ್ನು ಕೈಯಿಂದಲೋ ಹತ್ತಿರದ ಆಯುಧದಿಂದಲೋ ಹೊಡೆಯಬೇಕು. ಬಾಣ ಅಥವಾ ಮಂತ್ರದ ಪೆಟ್ಟು ಬಿದ್ದರೆ ಸತ್ತೇ ಹೋಗುತ್ತಾಳೆ. ಬಾಗಿಲು ಮುಚ್ಚಿದರೆ ಸಾಲದು, ಅದಕ್ಕೆ ಎದುರಾಗಿ ಇನ್ನೊಂದು ತೆರೆಯಬೇಕು. ಈ ಗೇಮ್‌ನ ದುಷ್ಟ ದಾರಿಯಲ್ಲಿ ಆ ಲೆಕ್ಕ ಸರಿಹೋಗಿಲ್ಲ. ಹಂಬಲವನ್ನು ತಡೆದುಕೊಂಡು ಹೋಗುವ ಡಾರ್ಕ್ ಅರ್ಜ್‌ನಲ್ಲಿ ಸರಿಹೋಗಿದೆ: ಜನರೆಲ್ಲ ಉಳಿಯುತ್ತಾರೆ, ಪ್ರತಿ ರಾತ್ರಿಯೂ ಭಯ ಇರುತ್ತದೆ.

ರಾತ್ರಿ ಅಂದದ್ದಕ್ಕೆ ಇನ್ನೊಂದು ಮಾತು. ಶಿಬಿರದ ದೃಶ್ಯಗಳು ನಡೆಯುವುದು ದೀರ್ಘ ವಿಶ್ರಾಂತಿ ತೆಗೆದುಕೊಂಡಾಗ. ಎರಡನೇ ಸುತ್ತಿನಲ್ಲಿ ಯುದ್ಧಗಳು ಸುಲಭವಾಗಿ ಮುಗಿಯುವುದರಿಂದ ಜನ ಮಲಗುವುದೇ ಇಲ್ಲ, ಕಾದು ಕುಳಿತ ದೃಶ್ಯಗಳು ಕಥೆ ಮುಂದೆ ಹೋದಂತೆ ಕೈತಪ್ಪುತ್ತವೆ. ಆಮೇಲೆ "ಈ ಸಲ ಶಿಬಿರ ಯಾಕೋ ಮೌನವಾಗಿದೆ" ಅನ್ನಿಸುತ್ತದೆ. ಸಾಧಾರಣ ಮಟ್ಟದಲ್ಲಿ ಒಂದು ರಾತ್ರಿಗೆ 40, ಟ್ಯಾಕ್ಟಿಶಿಯನ್ ಮಟ್ಟದಲ್ಲಿ 80 ಆಹಾರ ಸಾಮಗ್ರಿ ಬೇಕು. ದೊಡ್ಡ ಘಟನೆಯೊಂದು ಮುಗಿದಾಗಲೆಲ್ಲ ಮಲಗಿ, ಸಾಮಗ್ರಿ ಉಳಿಸಬೇಕಿದ್ದರೆ ಅದನ್ನು ಹಾಕದೆ ಭಾಗಶಃ ವಿಶ್ರಾಂತಿ ತೆಗೆದುಕೊಂಡರೂ ಆಗುತ್ತದೆ. ಶವಗಳ ಜೊತೆ ಮಾತಾಡುವ ಮಂತ್ರವನ್ನೂ ಈ ಸುತ್ತಿನಲ್ಲಿ ಧಾರಾಳವಾಗಿ ಬಳಸಿ. ಕೊಂದವರ ಜೊತೆ ಶವ ಮಾತಾಡುವುದಿಲ್ಲ, ವೇಷ ಮರೆಸುವ ಮಂತ್ರ ಹಾಕಿಕೊಂಡು ಹೋದರೆ ಮಾತಾಡುತ್ತದೆ.

ಆನರ್ ಮೋಡ್ ಅನ್ನು ಎರಡನೇ ಸುತ್ತಿಗೆ ಹಿಡಿಯಬೇಡಿ. ಒಂದೇ ಸೇವ್, ದೊಡ್ಡ ಶತ್ರುಗಳಿಗೆ ಹೊಸ ಪಟ್ಟುಗಳು. ಹೊಸ ಪಾತ್ರವನ್ನು ಅರಿಯುವ ಬದಲು ಪ್ರತಿ ತಿರುವಿನಲ್ಲೂ ಹಳೆಯ ಸುರಕ್ಷಿತ ದಾರಿಯನ್ನೇ ಹಿಡಿಯುವಂತೆ ಅದು ಮಾಡುತ್ತದೆ. ಮೂರನೇ ಸುತ್ತಿಗೆ ಅದು ಸರಿ.

ಪಾತ್ರ ಬದಲಾದರೆ ಪ್ರಸಂಗವೇ ಬದಲಾಗುತ್ತದೆ ಅನ್ನುವುದು ತಾಳಮದ್ದಳೆ ಕೇಳುವವರಿಗೆ ಹೊಸ ಮಾತಲ್ಲ. ಕರ್ಣಭೇದನದ ಪದಗಳು ಅವೇ, ಮುಂದೇನಾಗುತ್ತದೆ ಅಂತ ಸಭೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ಕರ್ಣನ ಅರ್ಥ ಹೇಳುವವರು ಬೇರೆಯಾದರೆ ಆ ರಾತ್ರಿಯ ಕರ್ಣನೇ ಬೇರೆ. 2019ರ ಡಿಸ್ಕೊ ಇಲಿಸಿಯಮ್ ಅನ್ನುವ ಪತ್ತೇದಾರಿ ಗೇಮ್ ನಿಂತಿರುವುದು ಪೂರ್ತಿ ಇದರ ಮೇಲೆ. ಕಥೆಯ ಕವಲುಗಳು ಅಲ್ಲಿ ಕಡಿಮೆ, ಕೊಲೆಗಾರ ಯಾವಾಗಲೂ ಅದೇ ವ್ಯಕ್ತಿ. ಆದರೆ ಪತ್ತೇದಾರನ ತಲೆಯೊಳಗೆ 24 ಸ್ಕಿಲ್‌ಗಳು 24 ದನಿಗಳಾಗಿ ಮಾತಾಡುತ್ತವೆ. ನಾಲ್ಕು ಗುಣಗಳಿಗೆ ಒಟ್ಟು 12 ಅಂಕ, ಒಂದೊಂದಕ್ಕೆ 1ರಿಂದ 6. ಬುದ್ಧಿಗೆ 6 ಕೊಟ್ಟವನಿಗೆ ಶವದ ಮುಂದೆ ತರ್ಕ ಕೇಳಿಸುತ್ತದೆ, ಮನಸ್ಸಿಗೆ 6 ಕೊಟ್ಟವನಿಗೆ ಅದೇ ಶವ, ನಗರ, ಕೊರಳಪಟ್ಟಿ ಕೂಡ ಮಾತಾಡುತ್ತವೆ. ಎರಡನೇ ಸುತ್ತಿಗೆ 3-3-3-3 ಅಂತ ಸಮ ಹಂಚಬೇಡಿ, ಎಲ್ಲ ದನಿಗಳೂ ಮೆಲುವಾಗಿಬಿಡುತ್ತವೆ. ಎರಡನ್ನು ಏರಿಸಿ, ಎರಡನ್ನು ನೆಲಕ್ಕೆ ಇಳಿಸಿ. ಎಚ್ಚರಿಕೆ ಒಂದೇ: ದೇಹಬಲ 1 ಇಟ್ಟರೆ ಆಟದ ಮೊದಲ ಕೋಣೆಯಲ್ಲೇ ಹೃದಯ ನಿಂತು ಸಾಯಬಹುದು. ದಾಳ ಹಾಕಿ ನಡೆಸುವ ಪರೀಕ್ಷೆಗಳಲ್ಲಿ ಬಿಳಿಯದರಲ್ಲಿ ಸೋತರೆ ಆ ಸ್ಕಿಲ್‌ಗೆ ಒಂದು ಪಾಯಿಂಟ್ ಹಾಕಿ ಮತ್ತೆ ಪ್ರಯತ್ನಿಸಬಹುದು, ಕೆಂಪು ಒಂದೇ ಸಲ. ಎರಡು ದಾಳಗಳಲ್ಲೂ ಒಂದು ಬಿದ್ದರೆ ಎಷ್ಟು ಪಾಯಿಂಟ್ ಇದ್ದರೂ ಸೋಲು, ಎರಡೂ ಆರು ಬಿದ್ದರೆ ಖಂಡಿತ ಗೆಲುವು. ಸೋಲಿನ ದೃಶ್ಯಗಳ ಬರವಣಿಗೆ ಗೆಲುವಿನದಕ್ಕಿಂತ ಎಷ್ಟೋ ಕಡೆ ಚೆನ್ನಾಗಿದೆ, ಸೋತಾಗ ಸೇವ್ ಮತ್ತೆ ತೆರೆಯುವವರು ಗೇಮ್‌ನ ದೊಡ್ಡ ಭಾಗವನ್ನೇ ಎಸೆದಂತೆ.

ನ್ಯೂ ಗೇಮ್ ಪ್ಲಸ್, ಅಂದರೆ ಮುಗಿಸಿದ ಗೇಮ್ ಅನ್ನು ಗಳಿಸಿದ ಬಲದೊಂದಿಗೆ ಮತ್ತೆ ಶುರು ಮಾಡುವುದರ ಬಗ್ಗೆ ಚಿಕ್ಕದಾಗಿ. ಹೆಸರು ಪ್ರಚಾರಕ್ಕೆ ಬಂದದ್ದು 1995ರ ಕ್ರೋನೊ ಟ್ರಿಗರ್‌ನಿಂದ, ಅಲ್ಲಿ ಅದಕ್ಕೊಂದು ಉದ್ದೇಶವಿತ್ತು. ಬೆಳೆಸಿದ ಬಲವನ್ನು ಹೊತ್ತು ಹೊಸದಾಗಿ ಶುರು ಮಾಡಿದರೆ ಜಾತ್ರೆಯ ಬಲಗಡೆಯ ಟೆಲಿಪಾಡ್‌ನಿಂದ ನೇರ ಕೊನೆಯ ಶತ್ರು ಲಾವೋಸ್‌ನ ಮುಂದೆ ಹೋಗಿ ನಿಲ್ಲಬಹುದು, ಕಥೆಯ ಯಾವ ಹಂತದಲ್ಲಿ ಅವನನ್ನು ಸೋಲಿಸಿದಿರಿ ಅನ್ನುವುದರ ಮೇಲೆ ಅಂತ್ಯ ಬದಲಾಗುತ್ತದೆ. ಆ ಬಲ ಇಲ್ಲದೆ ಆ ಅಂತ್ಯಗಳನ್ನು ಮುಟ್ಟುವುದು ಬಲು ಕಷ್ಟ. 2017ರ ನಿಯರ್: ಆಟೋಮಾಟಾದಲ್ಲಿ ಎರಡನೇ ಸುತ್ತು ಇನ್ನೊಬ್ಬನ ಕಣ್ಣಿನಿಂದ, ಮೂರನೆಯದು ಪೂರ್ತಿ ಹೊಸ ಕಥೆ, ಮೊದಲ ಸಲ ಹೆಸರುಪಟ್ಟಿ ಓಡಿದಾಗ ಮುಗಿಯಿತು ಅಂದುಕೊಂಡವರು ಅರ್ಧ ಗೇಮ್ ಕೂಡ ಆಡಿಲ್ಲ. ವಿಚರ್ 3ರದ್ದು ಬೇರೆ ಬಗೆ. ಪಾತ್ರ ಕನಿಷ್ಠ ಲೆವೆಲ್ 30ರಿಂದ ಶುರು, ಶತ್ರುಗಳೂ ಅಷ್ಟೇ ಏರಿರುತ್ತಾರೆ, ಗ್ವೆಂಟ್ ಅನ್ನುವ ಎಲೆಯಾಟದ ಎಲೆಗಳು, ಪುಸ್ತಕಗಳು, ಕ್ವೆಸ್ಟ್‌ನ ಸಾಮಾನುಗಳಂಥವು ಹೋಗುತ್ತವೆ. ಎರಡೂ ಕಡೆ ಏರಿದ್ದರಿಂದ ಅನುಭವ ಬದಲಾಗುವುದಿಲ್ಲ, ಹಳೆಯ ಬಿಲ್ಡ್ (ಪಾಯಿಂಟ್ ಹಂಚಿಕೆ) ಮಾತ್ರ ಕೈಗೆ ಅಂಟಿಕೊಂಡಿರುತ್ತದೆ. ಅಲ್ಲಿ ಹೊಸ ಆಟವನ್ನೇ ಶುರು ಮಾಡಿ, ಹೋದ ಸಲ ಮುಟ್ಟದ ರಸವಿದ್ಯೆಯ ಕಡೆ ಪಾಯಿಂಟ್ ಹಾಕುವುದು ಒಳ್ಳೆಯದು.

ಕೈ ಹಳೆಯ ದಾರಿಗೆ ಎಳೆದಾಗ

ಎಷ್ಟು ಒಳ್ಳೆಯ ಗೇಮ್ ಆದರೂ ಎರಡನೇ ಸುತ್ತು ಹತ್ತು ಹದಿನೈದು ಗಂಟೆಗೆ ನಿಂತುಹೋಗುವುದು ಸಾಮಾನ್ಯ. ಕಾರಣ ಹೆಚ್ಚಾಗಿ ಗೇಮ್‌ನಲ್ಲಿಲ್ಲ, ಕೈಯ ಅಭ್ಯಾಸದಲ್ಲಿದೆ. ಸ್ಕೈರಿಮ್‌ನ ಅಡಗಿ ಬಾಣ ಬಿಡುವ ಬಿಲ್ಲುಗಾರನ ಕಥೆ ಎಲ್ಲರಿಗೂ ಗೊತ್ತು: ಕೊಡಲಿ ಹಿಡಿದು ಶುರು ಮಾಡಿದವರೂ ಕೊನೆಗೆ ಅಲ್ಲಿಗೇ ಬರುತ್ತಾರೆ. ಅದಕ್ಕೆ ಗಟ್ಟಿ ಕಾರಣವಿದೆ. ಅಡಗಿ ಬಿಟ್ಟ ಬಾಣಕ್ಕೆ ಎರಡು ಪಟ್ಟು ಪೆಟ್ಟು, ಡೆಡ್ಲಿ ಏಮ್ ಪರ್ಕ್ ಹಾಕಿದರೆ ಮೂರು ಪಟ್ಟು, ಶತ್ರು ಸ್ವಲ್ಪ ಹೊತ್ತು ಹುಡುಕಿ ಮರೆತು ತನ್ನ ಜಾಗಕ್ಕೆ ಮರಳುತ್ತಾನೆ, ನಿಮಗೆ ಏನೂ ಖರ್ಚಿಲ್ಲ. ಅಗ್ಗದ ದಾರಿ ಎದುರಿಗಿದ್ದರೆ ಕೈ ಅಲ್ಲಿಗೇ ಹೋಗುತ್ತದೆ. "ಈ ಸಲ ಬೇರೆ ಥರ ಆಡುತ್ತೇನೆ" ಅನ್ನುವ ಸಂಕಲ್ಪ ಇದರ ಮುಂದೆ ನಿಲ್ಲುವುದಿಲ್ಲ. ನಿಲ್ಲುವುದು ನಿಯಮ. ಬಿಲ್ಲು ಮುಟ್ಟುವುದಿಲ್ಲ, ಸಿಕ್ಕಿದ್ದನ್ನು ಆಗಲೇ ಮಾರುತ್ತೇನೆ. ಕಾಲೇಜಿಗೆ ಸೇರಿದರೆ ಕಳ್ಳರ ಗಿಲ್ಡ್‌ನ ಊರಾದ ರಿಫ್ಟನ್‌ಗೆ ಕಾಲಿಡುವುದಿಲ್ಲ.

ಮಾತಿನ ಆಯ್ಕೆಗಳಿಗೂ ಹೀಗೇ. "ಕೆಟ್ಟವನಾಗಿ ಆಡುತ್ತೇನೆ" ಅನ್ನುವುದು ನಿಯಮವಲ್ಲ, ಮೊದಲ ಅಳುವ ಮಗು ಎದುರಾದಾಗ ಕರಗುತ್ತದೆ. ಸನ್ನಿವೇಶ ಮತ್ತು ಕ್ರಿಯೆ ಎರಡೂ ಇರುವ ಮೂರು ವಾಕ್ಯಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ: ಹಣ ಕೊಡುತ್ತೇನೆ ಅಂದವರಿಗೆ ಇಲ್ಲ ಅನ್ನುವುದಿಲ್ಲ, ಮಂತ್ರವಾದಿಗಳ ಮಾತನ್ನು ನಂಬುವುದಿಲ್ಲ, ಸೋತು ಶರಣಾದವರನ್ನು ಕೊಲ್ಲುವುದಿಲ್ಲ. ಇಂಥ ನಿಯಮಗಳು ಕೆಲವು ಕಡೆ ಒಳ್ಳೆಯದಕ್ಕೂ ಕೆಲವು ಕಡೆ ಅನಾಹುತಕ್ಕೂ ಕರೆದೊಯ್ಯುತ್ತವೆ, ಎಲ್ಲಿಗೆ ಅಂತ ನಿಮಗೂ ಮೊದಲೇ ತಿಳಿದಿರುವುದಿಲ್ಲ. ಸೇವ್‌ಗೂ ಒಂದು ಕಟ್ಟು ಬೇಕು: ಪಾತ್ರ ಸತ್ತರೆ ಅಥವಾ ಗೇಮ್ ಕೆಟ್ಟರೆ ಮಾತ್ರ ಹಿಂದಕ್ಕೆ. ಮೊದಲ ಸುತ್ತಿನಲ್ಲಿ ಮುಗಿಸಿದ, ಕವಲಿಲ್ಲದ ಚಿಲ್ಲರೆ ಕ್ವೆಸ್ಟ್‌ಗಳನ್ನು ಮುಟ್ಟಬೇಡಿ. ನಕ್ಷೆಯ ಮೇಲಿನ ಚುಕ್ಕಿಗಳನ್ನು ಮುಚ್ಚಿಡಲು ಗೇಮ್‌ನಲ್ಲಿ ಅವಕಾಶ ಇದ್ದರೆ ಮುಚ್ಚಿಡಿ.

ಮತ್ತೆ ಆಡುವುದನ್ನೇ ಲೆಕ್ಕ ಇಡುವ ಗೇಮ್ ಒಂದಿದೆ, 2015ರ ಅಂಡರ್‌ಟೇಲ್. ಯಾರನ್ನೂ ಕೊಲ್ಲದೆ ಮುಗಿಸಿದ ಮೇಲೆ ಮತ್ತೆ ತೆರೆದರೆ ಹೂವಿನ ರೂಪದ ಫ್ಲವಿ ಎದುರಾಗಿ, ಇವರೆಲ್ಲ ಈಗ ಸುಖವಾಗಿದ್ದಾರೆ, ದಯವಿಟ್ಟು ಮತ್ತೆ ಶುರು ಮಾಡಬೇಡ ಅಂತ ಬೇಡಿಕೊಳ್ಳುತ್ತಾನೆ. ಅದನ್ನು ಮೀರಿ, ಎಲ್ಲರನ್ನೂ ಕೊಲ್ಲುವ ದಾರಿಯನ್ನು ಕೊನೆಯವರೆಗೆ ಮುಗಿಸಿದರೆ, ಆಮೇಲೆ ಎಷ್ಟು ಸಲ ಶಾಂತಿಯ ದಾರಿ ಹಿಡಿದರೂ ಕೊನೆಯ ದೃಶ್ಯ ಕಲೆಯಾಗಿಯೇ ಬರುತ್ತದೆ. ಗೇಮ್ ಒಳಗಿನ ರೀಸೆಟ್‌ನಿಂದ ಅದು ಹೋಗುವುದಿಲ್ಲ. ಪಿಸಿಯಲ್ಲಿ ಗೇಮ್‌ನ ಸೇವ್ ಫೋಲ್ಡರ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ಅನ್ನುವ ಹೆಸರಿನ ಮುಂದೆ 962, 963 ಅನ್ನುವ ಅಂಕಿಗಳಿರುವ ಎರಡು ಫೈಲ್‌ಗಳು ಉಳಿದಿರುತ್ತವೆ, ನೆನಪು ಇರುವುದು ಅವುಗಳಲ್ಲಿ. ಅಳಿಸುವ ಮುಂಚೆ ಸ್ಟೀಮ್ ಕ್ಲೌಡ್ ಅನ್ನು ಆಫ್ ಮಾಡಿ, ಇಲ್ಲದಿದ್ದರೆ ಮುಂದಿನ ಸಲ ಗೇಮ್ ತೆರೆದಾಗ ಅವು ವಾಪಸ್ ಬಂದು ಕುಳಿತಿರುತ್ತವೆ.